ಸರಕಾರದ ಹೊಣೆಯುಳ್ಳ ಸಾಲ: ಸಣ್ಣ ಕಸುಬಿನವರು ತಿಳಿಯತಕ್ಕ ಸಂಗತಿಗಳು
(ಔರಾದ ಶಹಾಜನಿಯಲ್ಲಿ ಮಾಡಿದ ಭಾಷಣ)



ಮಕ್ಕಳಿಗೆ ಲೆಕ್ಕ ಕಲಿಸುವ ನನ್ನಂಥವನು ಸಾಲದ ವಿಷಯವಾಗಿ ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾನು ಬ್ಯಾಂಕಿನವನಲ್ಲ, ವಕೀಲನೂ ಅಲ್ಲ. ಆದರೆ ಸಾಲದ ಕಾಗದಕ್ಕೆ ಒಮ್ಮೆ ಸಹಿ ಮಾಡಿ ಪೆಟ್ಟು ತಿಂದವನು. ಆ ಅಧಿಕಾರದಿಂದಲೇ ತಮ್ಮ ಮುಂದೆ ನಿಂತಿದ್ದೇನೆ.

ಹದಿನೈದು ವರ್ಷಗಳ ಹಿಂದಿನ ಮಾತು. ನಮ್ಮ ಓಣಿಯ ಒಬ್ಬ ಸಜ್ಜನರು ಹಿಟ್ಟಿನ ಗಿರಣಿ ಹಾಕುವುದಕ್ಕೆ ಒಂದು ಪತ್ತಿನ ಸಂಸ್ಥೆಯಲ್ಲಿ ಸಾಲಕ್ಕೆ ಬೇಡಿಕೆ ಇಟ್ಟರು. ಸಂಸ್ಥೆಯವರು ಜಾಮೀನುದಾರನನ್ನು ಕೇಳಿದರು. ಹಳ್ಳಿಯಲ್ಲಿ ತಿಂಗಳ ಸಂಬಳ ಬರುವವನೆಂದರೆ ಶಾಲಾ ಮಾಸ್ತರನೇ ಅಲ್ಲವೇ? "ಗುರುಗಳೇ, ಬರೀ ಒಂದು ಸಹಿ" ಎಂದರು. ಕಾಗದ ಮರಾಠಿಯಲ್ಲಿತ್ತು. ಮರಾಠಿಯನ್ನು ಚೆನ್ನಾಗಿ ಓದಬಲ್ಲ ನಾನು ಅದನ್ನು ಓದದೆಯೇ ಸಹಿ ಮಾಡಿದೆ. ಗಿರಣಿ ಎರಡು ವರ್ಷ ನಡೆದು ನಿಂತಿತು. ಆ ಮೇಲೆ ಇಪ್ಪತ್ತೆರಡು ಕಂತುಗಳು ನನ್ನ ಸಂಬಳದಿಂದ ಕಡಿತವಾದವು. ಹಣ ಹೋದುದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ ಸಂಗತಿ ಬೇರೊಂದಿದೆ. ಆ ಸಜ್ಜನರು ಇಂದಿಗೂ ಶಾಲೆಯ ಮುಂದಿನ ದಾರಿಯನ್ನು ಬಿಟ್ಟು ಸುತ್ತುಬಳಸಿ ಹೋಗುತ್ತಾರೆ.

ಇದನ್ನು ಹೇಳುವುದಕ್ಕೆ ಕಾರಣವುಂಟು. ಅವರ ಸಾಲಕ್ಕೆ ಮನುಷ್ಯನು ಹೊಣೆಯಾಗಿದ್ದನು. ನಾನು ಇಂದು ಹೇಳಲಿರುವ ಸಾಲಗಳಿಗೆ ಸರಕಾರವು ಹೊಣೆಯಾಗುತ್ತದೆ. ಈ ಎರಡರ ಭೇದವನ್ನು ನಮ್ಮವರು ತಪ್ಪಾಗಿ ತಿಳಿದಿದ್ದಾರೆ. "ಸರಕಾರವೇ ಜಾಮೀನು ನಿಂತ ಮೇಲೆ ತಿರುಗಿ ಕೊಡುವುದೇಕೆ?" ಎಂದು ಬಸ್ ನಿಲ್ದಾಣದ ಚಹದ ಅಂಗಡಿಯಲ್ಲಿ ಆಡುವುದನ್ನು ನಾನೇ ಕೇಳಿದ್ದೇನೆ. ಇದು ಶುದ್ಧ ತಪ್ಪು. ಸರಕಾರದ ಖಾತರಿಯು ಬ್ಯಾಂಕಿಗೆ ಕೊಟ್ಟ ಅಭಯವೇ ಹೊರತು ಸಾಲಗಾರನಿಗೆ ಕೊಟ್ಟ ಮಾಫಿಯಲ್ಲ. ಸಾಲ ಮುಳುಗಿದರೆ ಖಾತರಿ ನಿಧಿಯಿಂದ ಬ್ಯಾಂಕಿಗೆ ನಷ್ಟದ ಒಂದು ಭಾಗ ಸಂದಾಯವಾಗುತ್ತದೆ. ಆದರೂ ಸಾಲಗಾರನ ಋಣವು ಹಾಗೆಯೇ ನಿಲ್ಲುತ್ತದೆ. ಬ್ಯಾಂಕು ಅದನ್ನು ವಸೂಲು ಮಾಡತಕ್ಕದ್ದೇ. ಅವನ ಹೆಸರು ಪತ್ತಿನ ದಫ್ತರದಲ್ಲಿ ಕೆಟ್ಟಿತೆಂದರೆ ಮುಂದೆ ಮಗಳ ಓದಿಗೂ ಸಾಲ ಹುಟ್ಟುವುದು ಕಠಿಣ.

ಹಾಗಾದರೆ ಸರಕಾರವು ನಡುವೆ ಬಂದುದೇಕೆ? ಬಡವನ ಬಳಿ ಅಡವಿಡಲು ವಸ್ತುವಿಲ್ಲ; ಅಡವಿಲ್ಲದವನಿಗೆ ಬ್ಯಾಂಕು ಕೊಡದು; ಕಡೆಗೆ ಅವನು ಸಾವಕಾರನ ಕಟ್ಟೆಗೇ ಹೋಗಬೇಕು. ನಮ್ಮ ಕನ್ನಡನಾಡೇ ಇದಕ್ಕೊಂದು ಉಪಾಯವನ್ನು ಮೊದಲು ತೋರಿಸಿತು. ೧೯೦೪ರ ಕಾಯಿದೆ ಬಂದ ಮರುವರ್ಷವೇ, ೧೯೦೫ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಆದರೆ ೧೯೫೪ರಲ್ಲಿ ಪ್ರಕಟವಾದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯು ಕಂಡದ್ದೇನು? ರೈತರು ತಂದ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಸುಮಾರು ೩ ಮಾತ್ರ. ಲೇವಾದೇವಿಗಾರರದು ನೂರಕ್ಕೆ ೭೦ರ ಸಮೀಪ. ೧೯೬೯ರಲ್ಲಿ ೧೪ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು, ೧೯೭೫ರಿಂದ ಗ್ರಾಮೀಣ ಬ್ಯಾಂಕುಗಳು ಬಂದವು. ಬಾಗಿಲು ತೆರೆದರೂ ಅಡವಿನ ಹೊಸ್ತಿಲು ಎತ್ತರವಾಗಿಯೇ ಉಳಿಯಿತು. ಅದನ್ನು ತಗ್ಗಿಸುವುದಕ್ಕಾಗಿ ೨೦೦೦ನೆಯ ಇಸವಿಯಲ್ಲಿ ಸಣ್ಣ ಉದ್ಯಮಗಳ ಖಾತರಿ ನಿಧಿಯು ಸ್ಥಾಪನೆಯಾಯಿತು.

ನಮ್ಮಂಥ ಊರಿಗೆ ಹೆಚ್ಚು ಸಲ್ಲುವುದು ೨೦೧೫ರ ಏಪ್ರಿಲ್ ೮ರಂದು ಆರಂಭವಾದ ಮುದ್ರಾ ಯೋಜನೆ. ಇದರಲ್ಲಿ ೫೦ ಸಾವಿರ ರೂಪಾಯಿಯವರೆಗಿನ ಸಾಲಕ್ಕೆ ಶಿಶು ಎಂದೂ, ಅಲ್ಲಿಂದ ೫ ಲಕ್ಷದವರೆಗೆ ಕಿಶೋರ ಎಂದೂ, ೧೦ ಲಕ್ಷದವರೆಗೆ ತರುಣ ಎಂದೂ ಹೆಸರು. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ ೨೦೨೪ರಿಂದ ೨೦ ಲಕ್ಷದವರೆಗೂ ಅವಕಾಶವಾಗಿದೆ. ಅಡವು ಬೇಕಿಲ್ಲ. ಹೊಲಿಗೆ, ಕಿರಾಣಿ ಅಂಗಡಿ, ಬಡಗಿ ಕಮ್ಮಾರರ ಕೆಲಸ, ಎಮ್ಮೆ ಕೋಳಿ ಸಾಕಣೆ ಇವೆಲ್ಲಕ್ಕೂ ಸಲ್ಲುತ್ತದೆ. ತೊಗರಿ ಸೋಯಾ ಬಿತ್ತುವುದಕ್ಕೆ ಸಲ್ಲದು. ಬೆಳೆಯ ಸಾಲದ ದಾರಿ ಬೇರೆ. ಮುದ್ರಾ ಸಂಸ್ಥೆಯು ತಾನೇ ಯಾರಿಗೂ ಸಾಲ ಕೊಡುವುದಿಲ್ಲ, ದಲಾಲರನ್ನೂ ನೇಮಿಸಿಲ್ಲ. ಸಾಲ ಬರುವುದು ಬ್ಯಾಂಕಿನಿಂದ. "ಎರಡು ಸಾವಿರ ಕೊಡಿ, ಮುದ್ರಾ ಮಂಜೂರು ಮಾಡಿಸುತ್ತೇನೆ" ಎನ್ನುವವನನ್ನು ಹೊಸ್ತಿಲಾಚೆಗೇ ಕಳುಹಿಸಿರಿ.

ಇನ್ನು ಗಡಿಯ ಮಾತು. ೧೯೫೬ರ ನವೆಂಬರ್ ೧ರಂದು ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಸೇರಿದವು. ೧೯೮೨ರಿಂದ ಲಾತೂರ ಜಿಲ್ಲೆಯಲ್ಲಿವೆ. ಬೀಗರು ನೆಂಟರು ಭಾಲ್ಕಿ, ಬಸವಕಲ್ಯಾಣಗಳಲ್ಲಿಯೇ ಉಳಿದರು. ಅಲ್ಲಿಯ ಸೋದರತ್ತೆ ಉದ್ಯೋಗಿನಿ ಯೋಜನೆಯಲ್ಲಿ ಸಾಲ ಪಡೆದಳೆಂದು ಕೇಳಿ ನಮ್ಮ ಹೆಣ್ಣುಮಕ್ಕಳು ಬಸ್ಸು ಹತ್ತಿ ಹೋಗುತ್ತಾರೆ, ಬರಿಗೈಯಲ್ಲಿ ಹಿಂದಿರುಗುತ್ತಾರೆ. ಅದು ಕರ್ನಾಟಕ ಸರಕಾರದ ಯೋಜನೆ. ಅಲ್ಲಿಯ ನಿವಾಸಿಗಳಿಗೆ ಮಾತ್ರ. (ಬೀದರ ಜಿಲ್ಲೆಯಲ್ಲಿಯೂ ಒಂದು ಔರಾದ ಇರುವುದರಿಂದ ಅರ್ಜಿಯಲ್ಲಿ ಶಹಾಜನಿ ಎಂಬುದನ್ನೂ ತಾಲ್ಲೂಕನ್ನೂ ಮರೆಯದೆ ಬರೆಯಿರಿ.) ಮುದ್ರಾ ಯೋಜನೆಗಾದರೋ ಈ ಗಡಿಯಿಲ್ಲ, ಅದು ಕೇಂದ್ರದ್ದು, ಎರಡೂ ಕಡೆ ಒಂದೇ ನಿಯಮ.

ಆದರೆ ಕಾಗದದ ಭಾಷೆ? ನಮ್ಮವರಲ್ಲಿ ಅನೇಕರು, ಮುಖ್ಯವಾಗಿ ತಾಯಂದಿರು, ಮರಾಠಿ ಆಡಬಲ್ಲರು, ಕಚೇರಿಯ ಮರಾಠಿಯನ್ನು ಓದಲಾರರು. ಇಂಗ್ಲಿಷಂತೂ ದೂರ. ಈ ವಿಷಯದಲ್ಲಿ ತಾವು ಗಂಟು ಕಟ್ಟಿಕೊಳ್ಳಬೇಕಾದ ಒಂದು ಸಂಗತಿಯುಂಟು. ರಿಜರ್ವ್ ಬ್ಯಾಂಕು ೨೦೨೪ರ ಏಪ್ರಿಲ್ ೧೫ರಂದು ಹೊರಡಿಸಿದ ಸುತ್ತೋಲೆಯಂತೆ, ಅದೇ ವರ್ಷದ ಅಕ್ಟೋಬರ್ ೧ರಿಂದ ಮಂಜೂರಾಗುವ ಸಣ್ಣ ಉದ್ಯಮಗಳ ಹಾಗೂ ಸಾಮಾನ್ಯ ಗ್ರಾಹಕರ ಅವಧಿ ಸಾಲಗಳಿಗೆಲ್ಲ ಬ್ಯಾಂಕು ಒಂದು ಮುಖ್ಯಾಂಶ ಪತ್ರವನ್ನು ಕೊಡತಕ್ಕದ್ದು. ಬಡ್ಡಿ, ಶುಲ್ಕ, ವಿಮೆ ಎಲ್ಲವನ್ನೂ ಕೂಡಿಸಿ ವರ್ಷಕ್ಕೆ ನೂರಕ್ಕೆಷ್ಟು ಬೀಳುತ್ತದೆಂಬುದು ಅದರಲ್ಲಿರಬೇಕು. ಆ ಪತ್ರವು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅವನಿಗೆ ವಿವರಿಸಿ ಹೇಳಬೇಕು, ಆಮೇಲೆ ಒಪ್ಪಿಗೆ ಪಡೆಯಬೇಕು. ರಾಜ್ಯದ ಭಾಷೆಯಲ್ಲಿ ಎಂದಲ್ಲ, ಬಂಧುಗಳೇ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ ಯೋಚಿಸುವುದಕ್ಕೆ ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವೂ ಉಂಟು. ಕನ್ನಡದಲ್ಲಿ ಕೊಡಿರೆಂದು ವಿನಯದಿಂದ, ಆದರೆ ಬರಹದಲ್ಲಿ ಕೇಳಿರಿ. ಕೇಳುವವರಿಲ್ಲದಿದ್ದರೆ ಸುತ್ತೋಲೆಯು ಕಪಾಟಿನಲ್ಲಿಯೇ ಮಲಗಿರುತ್ತದೆ.

ಕನ್ನಡ ಸಂಘ, ವಾಚನಾಲಯ, ಗುಡಿಯ ಪಂಚರು ಸಾಲ ಪಡೆಯಬಹುದೇ ಎಂದು ಹಿರಿಯರೊಬ್ಬರು ಪ್ರಶ್ನೆ ಕಳುಹಿಸಿದ್ದಾರೆ. ಅಮೆರಿಕೆಯಲ್ಲಿ ೨೦೨೦ರ ಮಹಾಮಾರಿಯ ಕಾಲಕ್ಕೆ ಸಣ್ಣ ಅಂಗಡಿಗಳಿಗೂ ಸೇವಾಸಂಸ್ಥೆಗಳಿಗೂ ಸರಕಾರದ ಖಾತರಿಯ ಮೇಲೆ ನೂರಕ್ಕೆ ೧ರ ಬಡ್ಡಿಯಲ್ಲಿ ಬ್ಯಾಂಕುಗಳು ಸಾಲ ಕೊಟ್ಟವು. ಹೆಚ್ಚಿನ ಭಾಗವನ್ನು ನೌಕರರ ಸಂಬಳಕ್ಕೆ ಬಳಸಿದವರಿಗೆ ಅದನ್ನು ಬಿಟ್ಟುಕೊಟ್ಟರು. ನಮ್ಮಲ್ಲಿಯೂ ಆ ವರ್ಷದ ಮೇ ತಿಂಗಳಲ್ಲಿ ೩ ಲಕ್ಷ ಕೋಟಿ ರೂಪಾಯಿಗಳ ತುರ್ತು ಖಾತರಿ ಯೋಜನೆ ಬಂದಿತು. ವ್ಯವಹಾರ ನಡೆಸುವ ಟ್ರಸ್ಟುಗಳಿಗೂ ಅವಕಾಶವಿತ್ತು. ಆದರೆ ಅದು ಮೊದಲೇ ಬ್ಯಾಂಕಿನಲ್ಲಿ ಸಾಲವಿದ್ದವರಿಗೆ, ಬಾಕಿಯ ನೂರಕ್ಕೆ ೨೦ರಷ್ಟು ಹೆಚ್ಚಿಗೆ ಕೊಡುವ ಏರ್ಪಾಡು. ತಿರುಗಿ ತುಂಬಬೇಕಾದ ಹಣ. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದಿದ್ದ ನಮ್ಮ ಚಮ್ಮಾರ, ಸಿಂಪಿಗರಿಗೆ ಅದರಿಂದ ಏನೂ ದಕ್ಕಲಿಲ್ಲ. ಆ ಯೋಜನೆ ೨೦೨೩ರ ಮಾರ್ಚಿನಲ್ಲಿ ಮುಗಿಯಿತು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ: ಆದಾಯವಿಲ್ಲದ ವಾಚನಾಲಯವು ಸಾಲ ಮಾಡಬಾರದು. ಪುಸ್ತಕವು ಕಂತು ಕಟ್ಟಲಾರದು. ಅಲ್ಲದೆ ೧೯೫೦ರ ಸಾರ್ವಜನಿಕ ನ್ಯಾಸಗಳ ಕಾಯಿದೆಯಂತೆ ವಿಶ್ವಸ್ತರು ಸಂಸ್ಥೆಯ ಪರವಾಗಿ ಮನಬಂದಂತೆ ಸಾಲ ತರುವಂತಿಲ್ಲ. ವರ್ಗಣಿ ಎತ್ತಿರಿ, ಲೆಕ್ಕ ಇಡಿರಿ. ನಾವು ಬಚತ ಗಟ ಎನ್ನುವ ಸ್ವಸಹಾಯ ಸಂಘದ ಮಾತು ಬೇರೆ. ೧೯೯೨ರಿಂದ ನಬಾರ್ಡು ಇವನ್ನು ಬ್ಯಾಂಕಿಗೆ ಜೋಡಿಸುತ್ತ ಬಂದಿದೆ. ೧೦ ಲಕ್ಷದವರೆಗೆ ಅಡವನ್ನು ಕೇಳುವಂತಿಲ್ಲ. ಅಲ್ಲಿ ಹತ್ತು ಹೆಣ್ಣುಮಕ್ಕಳ ಪರಸ್ಪರ ನಂಬಿಕೆಯೇ ಅಡವು. ನಾನು ಕಂಡಂತೆ ಅದು ಮಾಸ್ತರನ ಸಹಿಗಿಂತ ಗಟ್ಟಿ.

ಸಾವಕಾರನ ಬಳಿ ಈಗಾಗಲೇ ಸಿಲುಕಿದವರಿಗೆ ಒಂದೇ ಮಾತು. ಮಹಾರಾಷ್ಟ್ರದ ೨೦೧೪ರ ಲೇವಾದೇವಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಶಿಕ್ಷಾರ್ಹ. ಅಂಥವನು ಸಾಲಕ್ಕೆ ಬದಲಾಗಿ ಹೊಲ ಬರೆಸಿಕೊಂಡಿದ್ದರೆ, ಹದಿನೈದು ವರ್ಷಗಳೊಳಗಿನ ವ್ಯವಹಾರವನ್ನು ಸಹಕಾರ ಇಲಾಖೆಯ ಜಿಲ್ಲಾ ನಿಬಂಧಕರ ಮುಂದೆ ಇಡಬಹುದು. ಹಳೆಯ ಚೀಟಿಗಳನ್ನು ಒಲೆಗೆ ಹಾಕಬೇಡಿರಿ.

ಬರುವ ತಿಂಗಳಿನಿಂದ ಪ್ರತಿ ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ನಾನು ಎರಡು ತಾಸು ಶಾಲೆಯ ಪಡಸಾಲೆಯಲ್ಲಿ ಕುಳಿತಿರುತ್ತೇನೆ. ಸಹಿ ಮಾಡುವ ಮೊದಲು ಕಾಗದ ತಂದರೆ ಕನ್ನಡದಲ್ಲಿ ಓದಿ ಹೇಳುವೆನು, ಅರ್ಜಿ ಬರೆದುಕೊಡುವೆನು. ಜಾಮೀನಿಗೆ ಮಾತ್ರ ಕೇಳಬೇಡಿರಿ. ನನ್ನ ಮನೆಯಾಕೆ ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ.