ಸ್ಕ್ಯಾನ್ ಸರಿ ಇದೆ, ಮನುಷ್ಯ ಸರಿ ಇಲ್ಲ



ಕತ್ತಲ ಕೋಣೆಯಲ್ಲಿ ಕೂತು ಚಿತ್ರ ಓದುವ ರೇಡಿಯಾಲಜಿಯವರ ಕೈಗೆ ಸಮ್ಮೇಳನದಲ್ಲಿ ಮೈಕು ಬರುವುದು ಅಪರೂಪ. ಬಂದಿರುವುದರಿಂದ ನಮ್ಮವರ ಮೇಲೆಯೇ ಒಂದು ದೂರು ಹೇಳಿಬಿಡುತ್ತೇನೆ.

ಮೆದುಳಿನ ರಕ್ತನಾಳದ ಉಬ್ಬು, ಅಂದರೆ ಅನ್ಯೂರಿಸಂ, ಒಡೆದಾಗ ನಾವು ಬಲು ಚುರುಕು. ಸಿ.ಟಿ.ಯಲ್ಲಿ ಬೆಳ್ಳಗೆ ಹರಡಿದ ರಕ್ತ, ಆಂಜಿಯೋಗ್ರಾಮ್‌ನಲ್ಲಿ ಉಬ್ಬಿನ ಜಾಗ, ಎಲ್ಲವನ್ನೂ ಗಂಟೆಗಳೊಳಗೆ ಹೇಳುತ್ತೇವೆ. 1937ರಲ್ಲಿ ವಾಲ್ಟರ್ ಡ್ಯಾಂಡಿ ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಿದಂದಿನಿಂದ ಉಬ್ಬಿನೊಳಗೆ ತುಂಬುವ ಇಂದಿನ ಲೋಹದ ಸುರುಳಿ, ಅಂದರೆ ಕಾಯಿಲ್‌ವರೆಗೆ ಜೀವ ಉಳಿಸುವ ವಿದ್ಯೆ ಬಹಳ ಬೆಳೆದಿದೆ. ಉಳಿದವರು ಹೇಗಿದ್ದಾರೆ ಎಂದು ವಿಚಾರಿಸುವ ಅಭ್ಯಾಸ ಅಷ್ಟು ಬೆಳೆದಿಲ್ಲ.

ಈ ರಕ್ತಸ್ರಾವ ಹೆಚ್ಚಾಗಿ ಐವತ್ತರ ಆಸುಪಾಸಿನಲ್ಲಿ ಬರುತ್ತದೆ; ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಕೆಲವು ತಿಂಗಳ ನಂತರ ರೋಗಿ ತಾನೇ ನಡೆದುಕೊಂಡು ಓಪಿಡಿಗೆ ಬರುತ್ತಾರೆ. ಚೇತರಿಕೆಯನ್ನು ಅಳೆಯುವ ಗ್ಲಾಸ್ಗೋ ಔಟ್‌ಕಮ್ ಸ್ಕೇಲ್ ಪ್ರಕಾರ ‘ಒಳ್ಳೆಯ ಚೇತರಿಕೆ’ ಎಂದು ಬರೆಯುತ್ತೇವೆ. 1975ರಲ್ಲಿ ಅದನ್ನು ರೂಪಿಸಿದ್ದೇ ತೀವ್ರ ಮೆದುಳು ಹಾನಿಗೆ. ಸೂಕ್ಷ್ಮವಾದ ಕುಂದುಗಳು ಅದರ ಜರಡಿಯಲ್ಲಿ ನಿಲ್ಲುವುದಿಲ್ಲ. ಜೊತೆಗೆ ಬಂದ ಮಗಳು ಹೇಳುವುದೇ ಬೇರೆ: ಅಮ್ಮ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ, ಎರಡು ಕೆಲಸ ಒಟ್ಟಿಗೆ ಬಂದರೆ ಕಂಗಾಲಾಗುತ್ತಾರೆ, ಮಧ್ಯಾಹ್ನಕ್ಕೇ ಸುಸ್ತು. ಎಂ.ಆರ್.ಐ. ನೋಡಿ ನಾವು ಬರೆಯುವುದು ಒಂದೇ ಸಾಲು: ಹೊಸ ತೊಂದರೆ ಕಾಣುವುದಿಲ್ಲ.

‘ಗೇಮ್ ಆಫ್ ಥ್ರೋನ್ಸ್’ ನಟಿ ಎಮಿಲಿಯಾ ಕ್ಲಾರ್ಕ್ 2011ರಲ್ಲಿ ಈ ರಕ್ತಸ್ರಾವದಿಂದ ಬದುಕುಳಿದು, ತಮ್ಮ ಹೆಸರನ್ನೇ ಹೇಳಲಾರದ ದಿನಗಳನ್ನು ಕಂಡವರು. 2019ರಲ್ಲಿ ಅವರೇ ಬರೆದುಕೊಳ್ಳುವವರೆಗೆ, ಪರದೆಯ ಮೇಲೆ ನೋಡುತ್ತಿದ್ದ ನಮಗೆ ಅದರ ಸುಳಿವೂ ಇರಲಿಲ್ಲ.

ಚಿತ್ರದಲ್ಲಿ ಕಾಣದಿರುವುದಕ್ಕೆ ಒಂದು ಕಾರಣ, ನಾವು ಹುಡುಕದಿರುವುದು. ಆಂಟೀರಿಯರ್ ಕಮ್ಯುನಿಕೇಟಿಂಗ್ ಅಪಧಮನಿಯ ಉಬ್ಬನ್ನೇ ತೆಗೆದುಕೊಳ್ಳಿ. ಅಲ್ಲಿಂದ ಹೊರಡುವ ಕೂದಲೆಳೆಯಂಥ ಕವಲುಗಳು ನೆನಪಿನ ದಾರಿಯಾದ ಫಾರ್ನಿಕ್ಸ್‌ಗೆ ರಕ್ತ ಕೊಡುತ್ತವೆ. ಒಂದು ಕವಲು ಕಟ್ಟಿಕೊಂಡರೆ ಸಾಯುವ ಭಾಗ ಕೆಲವೇ ಮಿಲಿಮೀಟರ್. ಆದರೆ ಆ ವ್ಯಕ್ತಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲದೆ ಹೋಗಬಹುದು. ಕೆಲವರು ನಡೆಯದ್ದನ್ನು ನಡೆದಂತೆ, ತಾವೇ ನಂಬಿ ಹೇಳುತ್ತಾರೆ. ಮನೆಯವರು ಅದನ್ನು ಸುಳ್ಳು ಎಂದುಕೊಳ್ಳುತ್ತಾರೆ. ಐದು ಮಿಲಿಮೀಟರ್ ದಪ್ಪದ ಸ್ಲೈಸ್‌ಗಳಲ್ಲಿ ಇಂಥ ಗಾಯ ಸಲೀಸಾಗಿ ತಪ್ಪಿಸಿಕೊಳ್ಳುತ್ತದೆ. ತೆಳು ಸ್ಲೈಸ್ ತೆಗೆದು ಫಾರ್ನಿಕ್ಸನ್ನು ಹೆಸರು ಹಿಡಿದು ನೋಡಬೇಕು. ಮೆದುಳಿನೊಳಗಿನ ನೀರಿನ ಕುಹರಗಳು ಹಿಂದಿನ ಸ್ಕ್ಯಾನ್‌ಗಿಂತ ಹಿಗ್ಗಿವೆಯೇ ಎಂದೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ನೀರು ತುಂಬಿ ಬಂದ ಮಂಕುತನವಾದರೆ ಅದನ್ನು ಹರಿಸುವ ಕೊಳವೆ, ಅಂದರೆ ಷಂಟ್, ಹಾಕಿ ಸುಧಾರಿಸುವ ಅವಕಾಶವಿದೆ.

ಇನ್ನು ಬಣ್ಣದ ಚಿತ್ರಗಳು. ಫಂಕ್ಷನಲ್ ಎಂ.ಆರ್.ಐ. ಕಂಡರೆ ನಮ್ಮ ತರುಣರಿಗೆ ವಿಪರೀತ ಮೋಹ. ನನಗೆ ಅನುಮಾನ ಜಾಸ್ತಿ. ಅದು ನರಕೋಶದ ಕೆಲಸವನ್ನು ನೇರವಾಗಿ ಅಳೆಯುವುದಿಲ್ಲ, ರಕ್ತದ ಆಮ್ಲಜನಕದ ಏರಿಳಿತದಿಂದ ಊಹಿಸುತ್ತದೆ. ರಕ್ತನಾಳಗಳೇ ಪೆಟ್ಟು ತಿಂದ ಕಾಯಿಲೆಯಲ್ಲಿ ಸಂಕೇತ ಕುಗ್ಗಿದರೆ ಕೋಶ ಸುಮ್ಮನಿದೆಯೋ, ನಾಳ ಸ್ಪಂದಿಸುತ್ತಿಲ್ಲವೋ? ಅದರ ಮೇಲೆ ಕ್ಲಿಪ್ಪಿನ ಲೋಹ ಸುತ್ತಲಿನ ಚಿತ್ರವನ್ನೇ ಕೆಡಿಸುತ್ತದೆ. ಬಿಳಿಭಾಗದ ತಂತುಗಳನ್ನು ತೋರಿಸುವ ಡಿಫ್ಯೂಷನ್ ಟೆನ್ಸರ್ ಚಿತ್ರಣವೂ ಸಂಶೋಧನೆಗೆ ಒಳ್ಳೆಯದೇ. ಆದರೆ ಗುಂಪುಗಳ ಸರಾಸರಿಯಲ್ಲಿ ಕಂಡ ವ್ಯತ್ಯಾಸವನ್ನು ಎದುರಿಗೆ ಕೂತ ಒಬ್ಬರ ವರದಿಯಲ್ಲಿ ತೀರ್ಪಾಗಿ ಬರೆಯಲು ನಾನು ಒಪ್ಪುವುದಿಲ್ಲ.

ಕ್ಲಿಪ್ಪು ಮತ್ತು ಕಾಯಿಲನ್ನು ಹೋಲಿಸಿ 2002ರಲ್ಲಿ ಪ್ರಕಟವಾದ ಐಸ್ಯಾಟ್ ಪ್ರಯೋಗದಲ್ಲಿ 2143 ರೋಗಿಗಳಿದ್ದರು. ಮುಂದೆ ಅವರಲ್ಲಿ ಒಂದು ಗುಂಪಿಗೆ ವಿವರವಾದ ಮನಃಪರೀಕ್ಷೆ ಮಾಡಿದಾಗ, ಚೆನ್ನಾಗಿದ್ದಾರೆ ಎನಿಸಿಕೊಂಡವರಲ್ಲೂ ಗ್ರಹಿಕೆಯ ಕುಂದು ಸಿಕ್ಕಿತು. ಕಾಯಿಲ್ ಹಾಕಿಸಿಕೊಂಡವರಲ್ಲಿ ತುಸು ಕಡಿಮೆ. ಅದನ್ನು ಹಿಡಿದದ್ದು ಸ್ಕ್ಯಾನರ್ ಅಲ್ಲ, ಕಾಗದ, ಪೆನ್ಸಿಲ್ ಮತ್ತು ತಾಳ್ಮೆ. ನಮ್ಮ ನಿಮ್ಹಾನ್ಸ್‌ನಲ್ಲೇ 2004ರಲ್ಲಿ ಸಿದ್ಧವಾದ ನರಮನಶ್ಶಾಸ್ತ್ರ ಪರೀಕ್ಷಾಮಾಲೆ ಇದೆ. ರಾಯಚೂರಿನಿಂದ ಬಂದ ಓದು ಬಾರದ ತಾಯಿಗೂ ನಗರದ ಬ್ಯಾಂಕ್ ಮ್ಯಾನೇಜರಿಗೂ ಒಂದೇ ಗೆರೆ ಎಳೆಯದೆ, ಓದು ಮತ್ತು ವಯಸ್ಸು ನೋಡಿ ಅಂಕ ತೂಗಬೇಕು.

ಮಧ್ಯಾಹ್ನದ ಗೋಷ್ಠಿಯ ಮುಂದೆ ನನ್ನದೊಂದು ಸೂಚನೆ ಇಡುತ್ತೇನೆ. ಈ ರೋಗಿಗಳ ಸ್ಕ್ಯಾನ್ ಕೋರಿಕೆಯ ಚೀಟಿಯಲ್ಲಿ ‘ಫಾಲೋ ಅಪ್’ ಎಂದಷ್ಟೇ ಗೀಚುವುದನ್ನು ನಿಲ್ಲಿಸೋಣ. ಉಬ್ಬು ಎಲ್ಲಿತ್ತು, ಕ್ಲಿಪ್ಪೋ ಕಾಯಿಲೋ, ಮನೆಯವರ ದೂರು ಏನು, ಪರೀಕ್ಷೆಯ ಅಂಕ ಎಷ್ಟು, ಇಷ್ಟು ಬರೆಯಿರಿ. ಅದಿಲ್ಲದ ಚೀಟಿಯನ್ನು ವಾಪಸು ಕಳಿಸುವ ಹಕ್ಕು ನಮಗೂ ಇರಲಿ.