ಬೆರಳು ತೋರಿಸಿದರೆ ಕುಂಬಳ ಕೊಳೆಯುತ್ತದೆಯೇ?



ಇವತ್ತು ಕುಂಬಳಕಾಯಿಯ ಮಾತು ಆಡೋಣ. ನಮ್ಮ ಬಾದಾಮಿಯ ಬನಶಂಕರಿಗೆ ಶಾಕಂಬರಿ ಅಂತಲೂ ಹೆಸರು. ಪಲ್ಲೇದ ಹಬ್ಬಕ್ಕೆ ಆಕೆಗೆ ನೂರೆಂಟು ಪಲ್ಲೆಗಳ ಎಡೆ. ನಮ್ಮ ಮನೆಯಲ್ಲೂ ಕುಂಬಳ ಇದ್ದರೆ ಪಲ್ಲೆ ಆಯಿತು, ಗಾರಿಗೆ ಆಯಿತು. ಉಳಿದದ್ದನ್ನು ಇಳಕಲ್ಲ ಸಂತೆಗೋ ಬಾಗಲಕೋಟೆ ಸಂತೆಗೋ ಒಯ್ದರೆ ಕೈಯಲ್ಲಿ ನಾಲ್ಕು ಕಾಸು.

ಆದರೆ ಹೀಚು ಕೊಳೆತು ಬಿದ್ದರೆ ಏನಂತಾರ? "ಯಾರೋ ಬೆರಳು ತೋರಿಸ್ಯಾರ" ಅಂತಾರ. "ಮುಟ್ಟಾದವಳು ಬಳ್ಳಿ ಹತ್ರ ಹೋಗ್ಯಾಳ" ಅಂತಾರ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೆ ಸೊಸೆಯನ್ನು ಬೈದರು. ಮರುವರ್ಷ ಆಕೆ ಹಿತ್ತಲಿಗೆ ಕಾಲಿಡಲೇ ಇಲ್ಲ. ಆಗಲೂ ಹೀಚು ಬಿದ್ದವು. ಹಾಗಾದರೆ ತಪ್ಪು ಯಾರದು? ಬಳ್ಳಿಯನ್ನೇ ಕೇಳೋಣ ಬರ್ರಿ.

ಕುಂಬಳದ ಬಳ್ಳಿಯಲ್ಲಿ ಎರಡು ತರದ ಹೂ ಇರುತ್ತವೆ. ಉದ್ದ ತೊಟ್ಟಿನದು ಗಂಡು ಹೂ. ಬುಡದಲ್ಲಿ ಸಣ್ಣ ಗುಂಡು ಹೀಚು ಇರುವುದು ಹೆಣ್ಣು ಹೂ. ಗಂಡು ಹೂವಿನ ಹಳದಿ ಪುಡಿ ಹೆಣ್ಣು ಹೂವಿಗೆ ತಾಗಬೇಕು. ಈ ಪುಡಿಗೆ ಪರಾಗ ಎನ್ನುತ್ತಾರೆ. ಪರಾಗ ಅಂಟಂಟು, ಗಾಳಿಗೆ ಹಾರದು. ಜೇನುಹುಳವೇ ಹೊತ್ತು ತರಬೇಕು. ಹೂ ನಸುಕಿನಲ್ಲಿ ಅರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಅಷ್ಟರೊಳಗೆ ಪರಾಗ ತಾಗದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ.

ಈಗ ಹವಾಮಾನ ನೋಡ್ರಿ. ಜಿಟಿಜಿಟಿ ಮಳೆ ಹಿಡಿದರೆ ಜೇನುಹುಳ ಹೊರಗೆ ಬರುವುದಿಲ್ಲ. ಬಿಸಿಲು ಹೆಚ್ಚಾದರೆ ಗಂಡು ಹೂವೇ ಜಾಸ್ತಿ, ಹೆಣ್ಣು ಹೂ ಕಡಿಮೆ. ಎರೆ ಭೂಮಿಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. 2009ರಲ್ಲಿ ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಕಡೆಯ ಹೊಲಗಳು ಮುಳುಗಿದವು. 2023ರಲ್ಲಿ ಮಳೆಯೇ ಕೈಕೊಟ್ಟಿತು. ಇದೆಲ್ಲ ಯಾವ ಹೆಣ್ಣಿನ ಬೆರಳಿನಿಂದ ಆಯಿತು?

ಇನ್ನು ರೋಗ. ಎಲೆಯ ಮೇಲೆ ಬೂದಿ ಚೆಲ್ಲಿದಂತೆ ಕಂಡರೆ ಬೂದಿ ರೋಗ. ಇದು ಮಳೆ ಇಲ್ಲದಾಗಲೂ ಬರುತ್ತದೆ. ಎಲೆ ಮುದುಡಿ, ಅಲ್ಲಲ್ಲಿ ಹಸಿರು ಹಳದಿ ಮಚ್ಚೆಯಾದರೆ ನಂಜು ರೋಗ. ಸಸ್ಯಹೇನು, ಬಿಳಿ ನೊಣ ಇದನ್ನು ಹರಡುತ್ತವೆ. ಇದಕ್ಕೆ ಔಷಧವಿಲ್ಲ. ಆ ಬಳ್ಳಿಯನ್ನು ಕಿತ್ತು ಸುಡಬೇಕು. ಅದರ ಬೀಜ ಇಡಬಾರದು.

ಎಲ್ಲಕ್ಕಿಂತ ಕಳ್ಳ ಹಣ್ಣಿನ ನೊಣ. ಎಳೆ ಕಾಯಿಗೆ ಸೂಜಿಯಂತೆ ಚುಚ್ಚಿ ತತ್ತಿ ಇಡುತ್ತದೆ. ಒಳಗೆ ಹುಳ ಹುಟ್ಟಿ ತಿನ್ನುತ್ತವೆ. ಕಾಯಿ ಕೊಳೆಯುತ್ತದೆ. ಕೊಳೆತ ಕಾಯಿ ಸೀಳಿ ನೋಡ್ರಿ. ಒಳಗೆ ಬೆರಳಿನ ಗುರುತು ಇರುವುದಿಲ್ಲ, ಹುಳ ಇರುತ್ತವೆ.

ಏನು ಮಾಡಬೇಕು? ಏರು ಮಡಿ ಮಾಡಿ ಬೀಜ ಹಾಕಿರಿ, ನೀರು ನಿಲ್ಲುವುದಿಲ್ಲ. ನೀರನ್ನು ಬುಡಕ್ಕೆ ಹಾಕಿರಿ, ಎಲೆಗೆ ಬೇಡ. ಮೋಡ ಕವಿದ ದಿನ ನೀವೇ ಜೇನುಹುಳ ಆಗಿರಿ. ಬೆಳಿಗ್ಗೆ ಬೇಗ ಗಂಡು ಹೂ ಕಿತ್ತು, ಅದರ ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ತಾಗಿಸಿರಿ. ಕಾಯಿ ಕಟ್ಟಿದ ಮೇಲೆ ಎಳೆ ಕಾಯಿಗೆ ಕಾಗದ ಸುತ್ತಿರಿ. ಕೊಳೆತು ಬಿದ್ದ ಕಾಯಿಯನ್ನು ತಿಪ್ಪೆಗೆ ಎಸೆಯಬೇಡಿ, ಆಳವಾಗಿ ಹೂಳಿರಿ. ರೋಗದ ಎಲೆಯನ್ನು ಚೀಲದಲ್ಲಿ ಹಾಕಿ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸಿರಿ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಅಲ್ಲಿಯೂ ಕೇಳಬಹುದು. ಔಷಧ ಹೊಡೆಯುವುದಾದರೆ ಸಂಜೆ ಹೊಡೆಯಿರಿ. ಬೆಳಿಗ್ಗೆ ಹೊಡೆದರೆ ಜೇನುಹುಳ ಸಾಯುತ್ತವೆ.

ತೊಟ್ಟು ಒಣಗಿ, ಸಿಪ್ಪೆಗೆ ಉಗುರು ಇಳಿಯದಿದ್ದರೆ ಕಾಯಿ ಬಲಿತಿದೆ. ಎರಡು ಬೆರಳು ತೊಟ್ಟು ಬಿಟ್ಟು ಕೊಯ್ಯಿರಿ. ಗಾಳಿ ಆಡುವ ಕಡೆ ಹುಲ್ಲಿನ ಮೇಲೆ ಇಡಿರಿ. ತಿಂಗಳುಗಟ್ಟಲೆ ಕೆಡುವುದಿಲ್ಲ.

ಕೊನೆಗೆ ಒಂದು ಮಾತು. ನೀವೀಗ ಅಕ್ಷರ ಕಲಿತಿದ್ದೀರಿ. ಬೀಜ ಹಾಕಿದ ದಿನ, ಮಳೆ ಬಂದ ದಿನ, ಹೀಚು ಬಿದ್ದ ದಿನ, ಎಲ್ಲ ಒಂದು ಪಟ್ಟಿಯಲ್ಲಿ ಬರೆದಿಡಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾವು ಕದಿಯದಿದ್ದರೂ ಇಷ್ಟು ದಿನ ಹೆಗಲು ಮುಟ್ಟಿಕೊಂಡೆವು. ಇನ್ನು ಸಾಕು. ಮುಂದೆ ಯಾರಾದರೂ "ಯಾರು ಬೆರಳು ತೋರಿಸಿದರು?" ಅಂದರೆ ನಿಮ್ಮ ಪಟ್ಟಿ ತೆರೆದು ಓದಿ ಹೇಳಿರಿ. ಸೊಸೆಯನ್ನೂ ಹಿತ್ತಲಿಗೆ ಕರೆಯಿರಿ. ಹೆಣ್ಣು ಹೂ ಯಾವುದು ಅಂತ ಬೆರಳು ಮಾಡಿ ತೋರಿಸಿರಿ. ಬಳ್ಳಿಗೆ ಏನೂ ಆಗುವುದಿಲ್ಲ.