ಶರತ್ಕಾಲದ ನಮ್ಮ ಪ್ರವಾಸಗಳು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಲೆಕ್ಕ ಬರೆದು ಪಳಗಿದ ಕೈಗೆ ಭಾಷಣ ಬರೆಯುವುದು ಹೊಸತು. ಆದರೂ ಕಾರ್ಯದರ್ಶಿಗಳು ಬಿಡಲಿಲ್ಲ. ನಮ್ಮ ಹಳೆಯ ಪ್ರವಾಸಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದರು, ಒಪ್ಪಿಕೊಂಡೆವು.

ಪವಾಯಿಯ ಕನ್ನಡ ಮನೆಗಳವರು ವರ್ಷಕ್ಕೊಮ್ಮೆ ಒಟ್ಟಾಗಿ ಹೊರಡುತ್ತಿದ್ದುದು ನವರಾತ್ರಿ ಕಳೆದು ದೀಪಾವಳಿ ಬರುವುದರೊಳಗೆ. ಕವಿಗಳು ಶರದೃತುವನ್ನು ಎಷ್ಟೇ ಹೊಗಳಲಿ, ಮುಂಬಯಿಯಲ್ಲಿ ಅಕ್ಟೋಬರ್ ಎಂದರೆ ಎರಡನೆಯ ಬೇಸಗೆ. ಆದರೆ ಮಳೆ ನಿಂತಿರುತ್ತದೆ, ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಬ್ಯಾಂಕಿನವರಿಗೆ ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಲೆಕ್ಕದ ಗಲಾಟೆಯೂ ಇಳಿದಿರುತ್ತದೆ. ತಲೆಗಿಷ್ಟು ಎಂದು ವಂತಿಗೆ, ಬುತ್ತಿಗೆ ಪುಳಿಯೋಗರೆ, ದೊಡ್ಡ ಕ್ಯಾನಿನಲ್ಲಿ ಮಜ್ಜಿಗೆ. ಕ್ಯಾನು ಹೊರುವವರು ಯಾವಾಗಲೂ ನಮ್ಮ ಅಪ್ಪ.

ಅಪ್ಪ ಉಡುಪಿಯ ಕಡೆಯಿಂದ ಹುಡುಗನಾಗಿ ಬಂದು ಹೋಟೆಲಿನ ಅಡುಗೆಮನೆಯಲ್ಲಿ ಆಯುಷ್ಯ ಕಳೆದವರು. ಓದಿದ್ದು ಕಡಿಮೆ. ಪ್ರತಿ ದೀಪಾವಳಿಗೂ “ಬರುವ ವರ್ಷ ಊರಿಗೇ ಹೋಗಿಬಿಡುವುದು” ಎನ್ನುತ್ತಿದ್ದರು.

ನಾವು ಶಾಲೆಯ ಮಕ್ಕಳಾಗಿದ್ದಾಗ ಮೊದಲು ಹೋದದ್ದು ವಸಯಿಗೆ. 1534ರಲ್ಲಿ ಪೋರ್ಚುಗೀಸರ ಕೈಸೇರಿ, 1739ರಲ್ಲಿ ಚಿಮಾಜಿ ಅಪ್ಪಾ ಗೆದ್ದುಕೊಂಡ ಊರು. ಛಾವಣಿಯಿಲ್ಲದ ಇಗರ್ಜಿಗಳ ಗೋಡೆಗಳ ಮೇಲೆ ಹುಲ್ಲು ಬೆಳೆದಿತ್ತು. ಅಲ್ಲಿ ನಮ್ಮಲ್ಲೊಬ್ಬ ಹುಡುಗ, “ಇದು ಪೋರ್ಚುಗೀಸರದು, ಅದು ಮರಾಠರದು, ನಮ್ಮದು ಯಾವುದು?” ಎಂದು ಕೇಳಿದ. ಹಿರಿಯರು ಬುತ್ತಿ ಬಿಚ್ಚಿದರು. ಉತ್ತರ ಯಾರಲ್ಲಿಯೂ ಇರಲಿಲ್ಲ.

ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಆರಂಭವಾದ ಮೇಲೆ, ಒಮ್ಮೆ ಊರಿಗೆ ಹೋಗುವ ದಾರಿಯಲ್ಲಿಯೇ ಇಳಿದು ವೆಂಗುರ್ಲೆಯನ್ನು ನೋಡಿದೆವು. ಅಲ್ಲಿ ಡಚ್ಚರ ವಖಾರಿಯ ಹಾಳು ಗೋಡೆಗಳಿವೆ. 1637ರಲ್ಲಿ ಅವರು ನೆಲೆಯೂರಿದ್ದು ನಮ್ಮ ಬಿಜಾಪುರದ ಆದಿಲಶಾಹಿಯ ಅಪ್ಪಣೆಯಿಂದ. ಗೋವೆಯ ಪೋರ್ಚುಗೀಸರ ಮೇಲೆ ಕಣ್ಣಿಡಲು ಅವರಿಗೆ ಅದು ಒಳ್ಳೆಯ ಜಾಗ. ಬಿಜಾಪುರದ ಹೆಸರು ಕೇಳಿ ಹಿಗ್ಗಿದೆವು, ನಿಜ. ಆದರೆ ನೋಡಲು ಉಳಿದದ್ದು ಗಿಡ ಬೆಳೆದ ಗೋಡೆ ಮಾತ್ರ.

ಹೆಚ್ಚು ಸಲ ಹೋದದ್ದು ಕಾನ್ಹೇರಿಗೆ. ನಮ್ಮ ಪವಾಯಿ ಕೆರೆಯಾಚೆ ವಿಹಾರ ಸರೋವರ, ಅದರಾಚೆಯ ಗುಡ್ಡಗಳಲ್ಲಿ ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳು. ಹಕ್ಕಿಗೆ ಅದು ಹತ್ತಿರ. ನಾವು ಬೊರಿವಲಿ ಸುತ್ತಿ ಹೋಗಬೇಕು. ಅಲ್ಲಿನ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ ಎಂದು ಹಿರಿಯರೊಬ್ಬರು ತಿಳಿಸಿದ ದಿನ ಅಪ್ಪನ ಸಂತೋಷ ಹೇಳತೀರದು. ಮಳಖೇಡದಿಂದ ಆಳಿದ ದೊರೆ, ಕವಿರಾಜಮಾರ್ಗದ ಕಾಲದ ದೊರೆ, ಅವನ ಹೆಸರು ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ! ಅಂದಿನಿಂದ ಪ್ರತಿ ವರ್ಷವೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, “ಓದಿಕೊಳ್ಳಿ, ಇದು ಕನ್ನಡ, ಇದು ನಮ್ಮದು” ಎನ್ನುತ್ತಿದ್ದರು. ಅಕ್ಷರ ಯಾರಿಗೂ ತಿಳಿಯುತ್ತಿರಲಿಲ್ಲ. ಹಳೆಗನ್ನಡವಿರಬೇಕು ಎಂದುಕೊಂಡೆವು.

2019ರ ಪ್ರವಾಸದಲ್ಲಿ, ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದ ನಮ್ಮ ನೆರೆಮನೆಯ ಹುಡುಗಿ ಎಲ್ಲರೆದುರಿಗೆ, “ಅಜ್ಜಾ, ಇದು ಕನ್ನಡವಲ್ಲ, ಸಂಸ್ಕೃತ. ಬರೆಸಿದವರೂ ಅಮೋಘವರ್ಷನ ಸಾಮಂತರಾದ ಶಿಲಾಹಾರರ ಕಾಲದ ದಾನಿಗಳು” ಎಂದಳು. ಅಪ್ಪ ಮಾತಾಡಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ, “ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಿದೆನಲ್ಲ” ಎಂದರು. ಹುಡುಗಿಯ ಮೇಲೆ ನಮಗೆ ಸಿಟ್ಟು ಬಂದಿತು, ಇಂದು ನಾಚಿಕೆಯಾಗುತ್ತದೆ. ತಪ್ಪು ಅವಳದಲ್ಲ. ಬಿ.ಕಾಂ. ಓದಿದ ನಾವು ಒಂದು ಪುಸ್ತಕ ತೆರೆದು ನೋಡಬಹುದಾಗಿತ್ತು.

ಮರುವಾರ ಆಕೆಯೇ ಮನೆಗೆ ಬಂದು ಒಂದು ಶಾಸನದ ತಾತ್ಪರ್ಯ ಹೇಳಿದಳು. ಶಿಲಾಹಾರ ಕಪರ್ದಿಯ ಕಾಲ, 9ನೆಯ ಶತಮಾನದ ನಡುಭಾಗ. ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರನೆಂಬ ಬುದ್ಧಭಕ್ತ ಈ ಗುಡ್ಡದಲ್ಲಿ ಭಿಕ್ಷುಗಳಿಗೆ ಧ್ಯಾನದ ಕೋಣೆಗಳನ್ನು ಮಾಡಿಸಿ, 100 ದ್ರಮ್ಮಗಳನ್ನು ಇಟ್ಟನಂತೆ. ಮೂಲಧನ ಮುಟ್ಟದೆ ಬಡ್ಡಿಯಿಂದ ಅವರಿಗೆ ಬಟ್ಟೆ ಕೊಡಬೇಕು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ನಿಶ್ಚಿತ ಠೇವಣಿ, ಅವಧಿ ಮಾತ್ರ ಇಲ್ಲ. ದೊರೆ ಕನ್ನಡದವನು, ಸಾಮಂತ ಕೊಂಕಣದವನು, ಹಣ ಇಟ್ಟವನು ದೂರದ ಪೂರ್ವದವನು.

ಬಡ್ಡಿಯ ದರ ಎಷ್ಟೆಂದು ನಾವು ಕೇಳಿದೆವು. ಅಪ್ಪ ಕೇಳಿದ್ದು ಬೇರೆ: “ಅವನು ಆಮೇಲೆ ಊರಿಗೆ ಹೋದನೇ, ಮಗೂ?”

ಅದನ್ನು ಶಾಸನ ಹೇಳುವುದಿಲ್ಲ ಎಂದಳು. ಅಪ್ಪ ಬಹಳ ಹೊತ್ತು ಕಿಟಕಿಯಿಂದ ಗುಡ್ಡದ ಕಡೆ ನೋಡುತ್ತಿದ್ದರು. ಆ ದೀಪಾವಳಿಗೆ ಊರಿಗೆ ಹೋಗುವ ಮಾತು ಬರಲಿಲ್ಲ.

2020ರಲ್ಲಿ ಕೊರೊನಾ ಬಂದು ಪ್ರವಾಸ ನಿಂತಿತು. 2021ರಲ್ಲಿ ಅಪ್ಪ ಇಲ್ಲಿಯೇ ತೀರಿಕೊಂಡರು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಕಾರಿನಲ್ಲಿ ಎಲ್ಲಿಗೋ ಹೋಗಿ ಬರುತ್ತಿದ್ದೇವೆ; ಒಟ್ಟಿಗೆ ಹೊರಟಿಲ್ಲ.

ಈ ವರ್ಷ ಮತ್ತೆ ಹೊರಡುವುದೆಂದು ಸಂಘ ನಿಶ್ಚಯಿಸಿದೆ. ಕಾನ್ಹೇರಿ ಸೋಮವಾರ ಮುಚ್ಚಿರುತ್ತದೆ, ಆದ್ದರಿಂದ ಭಾನುವಾರವೇ ಆಗಬೇಕು. ಶಾಸನದ ವಿಷಯ ಆ ಹುಡುಗಿಯೇ ಹೇಳುತ್ತಾಳೆ, ಸಂಸ್ಕೃತವೆಂದೇ ಹೇಳುತ್ತಾಳೆ. ಹೆಸರು ಬರೆಸುವವರು ಸಭೆ ಮುಗಿದ ಮೇಲೆ ನಮ್ಮ ಮೇಜಿನ ಬಳಿ ಬರಬೇಕು. ಪುಳಿಯೋಗರೆಗೆ ಮೂರು ಮನೆಯವರು ಒಪ್ಪಿದ್ದಾರೆ. ಮಜ್ಜಿಗೆಯ ಕ್ಯಾನು ನಮ್ಮ ಮನೆಯಲ್ಲಿಯೇ ಇದೆ, ಹೊರುವುದಕ್ಕೆ ಇಬ್ಬರು ಬೇಕು.